ಚಿಪ್ಪಿನಿಂದ ಕಲಿತ ಪ್ಲಾಸ್ಟಿಕ್ ಉಕ್ಕಿನಷ್ಟು ಗಟ್ಟಿಯೇ? ಕಲಾಸಿಪಾಳ್ಯದ ಕವರ್ ಹಿಡಿದು ಒಂದು ಲೆಕ್ಕ

ಮುತ್ತಿನ ಚಿಪ್ಪನ್ನು ನೋಡಿ ಕಲಿತ ನ್ಯಾನೋ ತಂತ್ರಜ್ಞಾನ, ಉಕ್ಕಿನಷ್ಟೇ ಗಟ್ಟಿಯಾದ ಪ್ಲಾಸ್ಟಿಕ್, ಕೂದಲಿಗಿಂತ ತೆಳು, ಎಷ್ಟು ಭಾರ ಹಾಕಿದರೂ ಹರಿಯದು. ಈ ಧಾಟಿಯ ಫಾರ್ವರ್ಡ್ ನಿಮ್ಮ ಮನೆಯ ಗುಂಪಿಗೂ ಬಂದಿರಬಹುದು, ಹೊಳೆಯುವ ಚಿಪ್ಪಿನ ಫೋಟೋ ಸಮೇತ. ‘ಇದು ಸುಳ್ಳು’ ಎಂದು ಒಂದೇ ಸಾಲು ಬರೆದು ನಾವು ಮುಗಿಸಬಹುದಿತ್ತು. ಆದರೆ ಇದು ಸುಳ್ಳಲ್ಲ. ಇಂಥ ಹಾಳೆಗಳನ್ನು ಪ್ರಯೋಗಾಲಯದಲ್ಲಿ ನಿಜವಾಗಿಯೂ ಮಾಡಿದ್ದಾರೆ, ಎಳೆದು ಅಳೆದಿದ್ದಾರೆ, ಅಂಕಿಅಂಶ ಪ್ರಕಟಿಸಿದ್ದಾರೆ. ಆ ಸುದ್ದಿ ಪ್ರಯೋಗಾಲಯದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಬರುವ ದಾರಿಯಲ್ಲಿ ಒಂದಿಷ್ಟು ಮಾತು ಉದುರಿಹೋಗುತ್ತದೆ. ತೊಂದರೆ ಇರುವುದು ಅಲ್ಲಿ.

ಅಂಗಡಿ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಕಲಾಸಿಪಾಳ್ಯ. ಬಸ್ ನಿಲ್ದಾಣ, ಲಾರಿ ಬುಕಿಂಗ್ ಕಚೇರಿಗಳು, ಪಕ್ಕದಲ್ಲೇ ಕೆ.ಆರ್. ಮಾರುಕಟ್ಟೆ, ಒಂದು ಕಡೆ ಮೋಟಾರು ಬಿಡಿಭಾಗಗಳ ಜೆ.ಸಿ. ರಸ್ತೆ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರಸ್ತೆ. ಸೊಪ್ಪು, ತರಕಾರಿ, ಹೂವು, ನಟ್ಟು ಬೋಲ್ಟು ಏನೇ ಇರಲಿ, ಕೊನೆಗೆ ಒಂದು ಕವರ್‌ನಲ್ಲೋ ಚೀಲದಲ್ಲೋ ತುಂಬಿಕೊಂಡೇ ಇಲ್ಲಿಂದ ಹೊರಡಬೇಕು. ತೆಳುವಾದ, ಅಗ್ಗದ, ಹರಿಯದ ಕವರ್ ಸಿಗುತ್ತದೆ ಎಂದರೆ ಇಲ್ಲಿನ ತಳ್ಳುಗಾಡಿಯವರಿಗೆ ಅದು ಸಣ್ಣ ವಿಷಯವಲ್ಲ. ‘ನ್ಯಾನೋ’ ಎಂಬ ಪದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟು, ಆಮೇಲೆ ದಂಡವನ್ನೂ ಕಟ್ಟುವ ಸ್ಥಿತಿ ಬಂದರೆ ಅದೂ ಸಣ್ಣ ವಿಷಯವಲ್ಲ. ದಂಡದ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಸುಣ್ಣದಂಥ ವಸ್ತುವಿಗೆ ಇಷ್ಟು ತಾಳಿಕೆ ಎಲ್ಲಿಂದ?

ಕೆರೆ ಬತ್ತಿದಾಗ ಸಿಗುವ ಕಪ್ಪೆಚಿಪ್ಪನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಹೊರಗೆ ಮಣ್ಣು ಬಣ್ಣ, ಒಳಗೆ ಕಾಮನಬಿಲ್ಲಿನ ಹೊಳಪು. ಅದನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೆದ ಮಕ್ಕಳೂ ಇದ್ದಾರೆ. ಆ ಹೊಳೆಯುವ ಒಳಪದರಕ್ಕೆ ಇಂಗ್ಲಿಷಿನಲ್ಲಿ ನೇಕರ್ ಎನ್ನುತ್ತಾರೆ. ಮುತ್ತು ಆಗುವುದೂ ಇದೇ ವಸ್ತುವಿನಿಂದ.

ಈ ಪದರದ ತೂಕದಲ್ಲಿ ಸುಮಾರು ಶೇ 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲು, ಮೊಟ್ಟೆಯ ಸಿಪ್ಪೆ ಎಲ್ಲವೂ ರಾಸಾಯನಿಕವಾಗಿ ಇದೇ. ಇದೇ ಚಿಪ್ಪನ್ನು ಸುಟ್ಟು ನೀರು ಹಾಕಿದರೆ ಎಲೆ ಅಡಿಕೆಗೆ ಹಚ್ಚುವ ಸುಣ್ಣ ಸಿಗುತ್ತದೆ. ಕುಟ್ಟಿದರೆ ಬರೀ ಪುಡಿ. ಅಂದರೆ ವಸ್ತುವಿನಲ್ಲಿ ಯಾವ ಮಾಯೆಯೂ ಇಲ್ಲ. ಆದರೂ ಬಿರುಕು ಬಿಡದೆ ತಾಳುವ ಗುಣದಲ್ಲಿ ಈ ಚಿಪ್ಪು ಅದೇ ಖನಿಜದ ಬರೀ ಹರಳಿಗಿಂತ ಎಷ್ಟೋ ಮೇಲು. ಒಡೆಯಲು ಬೇಕಾಗುವ ಶಕ್ತಿ ಸುಮಾರು 3000 ಪಟ್ಟು ಹೆಚ್ಚು ಎಂಬ ಲೆಕ್ಕ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಗುಟ್ಟು ಜೋಡಣೆಯಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿಪ್ಪಿನ ಒಳಪದರ ಒಂದು ಇಟ್ಟಿಗೆ ಗೋಡೆಯ ಹಾಗಿದೆ. ಒಂದೊಂದು ಇಟ್ಟಿಗೆ ಅರ್ಧ ಮೈಕ್ರಾನಿನಷ್ಟು ದಪ್ಪ, ಐದಾರು ಮೈಕ್ರಾನ್ ಅಗಲದ ಚಪ್ಪಟೆ ಬಿಲ್ಲೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಎಂಬುದನ್ನು ನೆನಪಿಟ್ಟುಕೊಂಡರೆ ಇದೆಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಬಿಲ್ಲೆಗಳ ನಡುವೆ ಗಾರೆಯ ಜಾಗದಲ್ಲಿ ಪ್ರೋಟೀನು ಮುಂತಾದವುಗಳಿಂದಾದ ಅತಿ ತೆಳುವಾದ ಅಂಟು. ಗಾರೆ ಕೆಲಸದವರು ಸಂದಿನ ಮೇಲೆ ಸಂದು ಬರದಂತೆ ಇಟ್ಟಿಗೆ ಇಡುತ್ತಾರಲ್ಲ, ಇಲ್ಲೂ ಹಾಗೆಯೇ.

ಈ ಗೋಡೆಯಲ್ಲಿ ಬಿರುಕು ಹುಟ್ಟಿದರೆ ಅದು ನೇರವಾಗಿ ಓಡಲಾರದು. ಒಂದು ಬಿಲ್ಲೆಯನ್ನು ಬಳಸಿ, ಸಂದಿನಲ್ಲಿ ತಿರುಗಿ, ಮತ್ತೊಂದನ್ನು ಬಳಸಿ ಹೋಗಬೇಕು. ಪ್ರತಿ ತಿರುವಿನಲ್ಲೂ ಬಿಲ್ಲೆಗಳು ಒಂದರ ಮೇಲೊಂದು ಸ್ವಲ್ಪ ಜಾರುತ್ತವೆ, ನಡುವಿನ ಅಂಟು ಎಳೆಎಳೆಯಾಗಿ ಹಿಗ್ಗುತ್ತದೆ, ಆದರೆ ಬಿಡುವುದಿಲ್ಲ. ಒಡೆಯಲು ಬಂದ ಶಕ್ತಿಯೆಲ್ಲ ಈ ಅಲೆದಾಟದಲ್ಲೇ ಖರ್ಚಾಗಿಹೋಗುತ್ತದೆ. ಚಿರೋಟಿಯಲ್ಲೂ ಪದರಗಳಿವೆ, ಮುಟ್ಟಿದರೆ ಪುಡಿಪುಡಿ. ಅಲ್ಲಿ ಪದರ ಬಿಡಿಬಿಡಿಯಾಗಲೆಂದೇ ನಾವು ನಡುವೆ ತುಪ್ಪ, ಅಕ್ಕಿಹಿಟ್ಟಿನ ಸಾಟಿ ಹಚ್ಚುತ್ತೇವೆ. ಚಿಪ್ಪಿನಲ್ಲಿ ನಡುವಿನ ಪದರದ ಕೆಲಸ ಅದರ ತದ್ವಿರುದ್ಧ. ಪದರಗಳಿದ್ದ ಮಾತ್ರಕ್ಕೆ ಗಟ್ಟಿ ಆಗುವುದಿಲ್ಲ, ನಡುವೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

‘ಗಟ್ಟಿ’ ಎಂಬ ಒಂದು ಪದದೊಳಗೆ ನಾಲ್ಕು

3000 ಪಟ್ಟು ಎಂಬ ಅಂಕಿ ಫಾರ್ವರ್ಡ್‌ಗೆ ಸೇರಿದಾಗ ‘3000 ಪಟ್ಟು ಗಟ್ಟಿ’ ಆಗಿಬಿಡುತ್ತದೆ. ಇದು ಕನ್ನಡದಲ್ಲಿ ಇನ್ನೂ ಸುಲಭ, ಏಕೆಂದರೆ ನಾವು ಎಲ್ಲದಕ್ಕೂ ‘ಗಟ್ಟಿ’ ಎನ್ನುತ್ತೇವೆ. ಗೀರು ಬೀಳದಿರುವುದು ಗಡಸು. ಬಾಗದೆ ನಿಲ್ಲುವುದು ಪೆಡಸು. ಎಳೆದರೆ ಎಷ್ಟು ಭಾರದವರೆಗೆ ತುಂಡಾಗುವುದಿಲ್ಲ ಎಂಬುದು ಬಲ. ಬಿರುಕು ಹುಟ್ಟಿದ ಮೇಲೂ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬುದು ತಾಳಿಕೆ. ಇವು ನಾಲ್ಕೂ ಬೇರೆ ಬೇರೆ ಗುಣ, ನಾಲ್ಕನ್ನೂ ಬೇರೆ ಬೇರೆ ರೀತಿಯಲ್ಲಿ ಅಳೆಯುತ್ತಾರೆ. ಹಪ್ಪಳ ಪೆಡಸು, ಆದರೆ ತಾಳಿಕೆ ಇಲ್ಲ. ಚಪಾತಿ ಮೆದು, ಆದರೆ ಹರಿಯಲು ಹಲ್ಲಿಗೆ ಕೆಲಸ ಕೊಡುತ್ತದೆ. ಚಿಪ್ಪಿನ 3000 ಪಟ್ಟು ಎಂಬುದು ತಾಳಿಕೆಯ ಮಾತು. ಎಳೆತದ ಬಲದಲ್ಲಿ ಚಿಪ್ಪು ಉಕ್ಕಿನ ಹತ್ತಿರವೂ ಬರುವುದಿಲ್ಲ.

ಮೊಬೈಲ್ ಪರದೆಗೆ ಅಂಟಿಸುವ ಗಾರ್ಡ್ ಮೇಲೆ ‘9 ಎಚ್’ ಎಂದು ಬರೆದಿರುತ್ತದಲ್ಲ, ಅದೂ ಇದೇ ಕಥೆ. ಪೆನ್ಸಿಲ್ಲಿನ ಗಡಸುತನದ ಅಳತೆ ಅದು, ಆ ದರ್ಜೆಯ ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳದು ಎಂದಷ್ಟೇ ಅರ್ಥ. ಫೋನು ಬಿದ್ದರೆ ಒಡೆಯುತ್ತದೋ ಇಲ್ಲವೋ ಎಂಬುದಕ್ಕೆ ಅದು ಉತ್ತರವಲ್ಲ.

ಉಕ್ಕಿನ ಹೋಲಿಕೆ ಬಂದದ್ದು ಎಲ್ಲಿಂದ?

2007ರ ಅಕ್ಟೋಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ನಿಕೊಲಸ್ ಕೊಟೊವ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಉಕ್ಕಿನಷ್ಟು ಬಲದ ಪ್ಲಾಸ್ಟಿಕ್ ಎಂಬ ಸುದ್ದಿ ಜಗತ್ತಿನ ತುಂಬ ಓಡಾಡಿದ್ದು ಆಗ. ಅವರು ಬಳಸಿದ್ದು ಎರಡೇ ವಸ್ತು. ಒಂದು ಪಾಲಿವಿನೈಲ್ ಆಲ್ಕೊಹಾಲ್, ಅಂದರೆ ಮರಗೆಲಸದ ಬಿಳಿ ಅಂಟಿನ ಹತ್ತಿರದ ಸಂಬಂಧಿ, ನೀರಿನಲ್ಲಿ ಕರಗುವ ಪಾಲಿಮರ್. ಇನ್ನೊಂದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣು.

ಹೆಸರು ಕೇಳಿ ಗಾಬರಿ ಬೇಡ. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಮಣ್ಣನ್ನು ಮುಟ್ಟಿದವರಿಗೆ ಈ ಜೇಡಿಯ ಸ್ವಭಾವ ಗೊತ್ತೇ ಇದೆ. ಮಳೆ ಬಂದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಎರೆಮಣ್ಣಿನಲ್ಲಿರುವ ಜೇಡಿ ಈ ಜಾತಿಯದೇ. ಅದರ ಕಣ ಎಂದರೆ ಹಾಳೆಗಳ ಕಟ್ಟು. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಮೈಕ್ರಾನಿನ ಸಾವಿರದ ಒಂದು ಭಾಗ. ಹಾಳೆಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ. ಬೇಕಾದಷ್ಟು ನೀರಿನಲ್ಲಿ ಕಲಕಿದರೆ ಹಾಳೆಗಳು ಬಿಡಿಬಿಡಿಯಾಗಿ ತೇಲುತ್ತವೆ. ನ್ಯಾನೋಹಾಳೆ ಎಂದರೆ ಇಷ್ಟೇ.

ಮಿಷಿಗನ್ನಿನಲ್ಲಿ ಮಾಡಿದ್ದು ಹೀಗೆ: ಗಾಜಿನ ಚೂರನ್ನು ಅಂಟಿನ ದ್ರಾವಣದಲ್ಲಿ ಅದ್ದುವುದು, ತೊಳೆಯುವುದು, ಜೇಡಿಯ ನೀರಿನಲ್ಲಿ ಅದ್ದುವುದು, ತೊಳೆಯುವುದು, ಮತ್ತೆ ಮೊದಲಿನಿಂದ. ಕೈಯಲ್ಲಿ ಮಾಡಿದರೆ ಹುಚ್ಚು ಹಿಡಿಯುವ ಕೆಲಸ, ಅದಕ್ಕೇ ಯಂತ್ರದ ತೋಳಿನಿಂದ ಮಾಡಿಸಿದರು. 300 ಸುತ್ತು ಆದ ಮೇಲೂ ಸಿಕ್ಕಿದ್ದು ಕೆಲವೇ ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ. ಅಂಟಿನ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವಂತೆ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲೂ ಅದನ್ನು ನೆನೆಸಿದರು. ಎಳೆದು ನೋಡಿದಾಗ ಬಲ 400 ಮೆಗಾಪ್ಯಾಸ್ಕಲ್‌ವರೆಗೆ ಬಂತು. ಸಾಮಾನ್ಯ ಮೆದು ಉಕ್ಕಿನ ಬಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹೋಲಿಕೆ ತಪ್ಪಲ್ಲ. ಇದಕ್ಕಿಂತ ಎಷ್ಟೋ ಪಟ್ಟು ಬಲದ ಉಕ್ಕುಗಳೂ ಇವೆ, ಅದು ಬೇರೆ ಮಾತು.

ಆದರೆ ಫಾರ್ವರ್ಡ್‌ನಲ್ಲಿ ಬಾರದ ಎರಡು ಸಂಗತಿ ಆ ಪ್ರಬಂಧದಲ್ಲೇ ಇವೆ. ಆ ಹಾಳೆಯ ತೂಕದಲ್ಲಿ ಹೆಚ್ಚಿನ ಪಾಲು ಮಣ್ಣಿನದು, ಅದನ್ನು ಪ್ಲಾಸ್ಟಿಕ್ ಎನ್ನುವುದೇ ಅರ್ಧ ಸರಿ. ಮತ್ತು ಅದು ಹಿಗ್ಗುವುದೇ ಇಲ್ಲ ಎನ್ನಬಹುದು, ಶೇ 1ರಷ್ಟು ಉದ್ದವಾಗುವ ಮೊದಲೇ ತುಂಡಾಗುತ್ತದೆ. ನಿಮ್ಮ ಅಡುಗೆಮನೆಯ ಕವರ್ ಒಂದನ್ನು ನಿಧಾನವಾಗಿ ಎಳೆದು ನೋಡಿ. ಬಿಳಿಚಿಕೊಂಡು, ಮೂಲ ಉದ್ದದ ಎರಡು ಮೂರು ಪಟ್ಟು ಹಿಗ್ಗಿ, ಆಮೇಲೆ ಹರಿಯುತ್ತದೆ. ತೆಂಗಿನಕಾಯಿಯ ಮೂತಿ ಚುಚ್ಚಿದರೂ ಕವರ್ ತಕ್ಷಣ ಹರಿಯದಿರುವುದು ಈ ಗುಣದಿಂದಲೇ.

ಈಗ ಭಾರದ ಲೆಕ್ಕ. 400 ಮೆಗಾಪ್ಯಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತಕ್ಕೆ ಸುಮಾರು 40 ಕಿಲೋ. ಸಾಮಾನ್ಯ ಪಾಲಿಥಿನ್ ಕವರ್‌ನದು 20 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಳ್ಳೋಣ, ಅಂದರೆ 2 ಕಿಲೋ. 50 ಮೈಕ್ರಾನ್ ದಪ್ಪದ ಕವರ್‌ನಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿದರೆ ಅದರ ಅಡ್ಡಕೊಯ್ತ ಅರ್ಧ ಚದರ ಮಿಲಿಮೀಟರ್. ಅದು ಹೊರುವುದು ಸುಮಾರು ಒಂದು ಕಿಲೋ. ‘ಉಕ್ಕಿನಷ್ಟು ಗಟ್ಟಿ’ ಹಾಳೆ 2 ಮೈಕ್ರಾನ್ ದಪ್ಪ ಎಂದುಕೊಂಡು ಅಷ್ಟೇ ಅಗಲದ ಪಟ್ಟಿ ಕತ್ತರಿಸಿದರೆ ಅಡ್ಡಕೊಯ್ತ 0.02 ಚದರ ಮಿಲಿಮೀಟರ್. ಅದು ಹೊರುವುದು ಸುಮಾರು 800 ಗ್ರಾಂ. ಮಾಮೂಲಿ ಕವರ್‌ಗಿಂತ ಕಡಿಮೆ!

ಇದರಿಂದ ಆ ಸಂಶೋಧನೆ ಟೊಳ್ಳು ಎಂದೇನೂ ಆಗುವುದಿಲ್ಲ. ಅದೇ ಹಾಳೆಯನ್ನು 50 ಮೈಕ್ರಾನ್ ದಪ್ಪ ಮಾಡಿ, ಬಲವೂ ಹಾಗೆಯೇ ಉಳಿದರೆ 20 ಕಿಲೋ ಹೊತ್ತೀತು, ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಅಷ್ಟು ದಪ್ಪಕ್ಕೆ ಸಾವಿರಾರು ಸುತ್ತು ಅದ್ದಬೇಕು. ಈಗ ಕಾಗದ ಮಾಡುವ ಹಾಗೆ ಸೋಸಿ, ಒಣಗಿಸಿ ಬೇಗ ಪದರ ಕಟ್ಟುವ ದಾರಿಗಳು ಬಂದಿವೆ. ವೇಗ ಹೆಚ್ಚಿದಷ್ಟೂ ಹಾಳೆಗಳನ್ನು ಅಚ್ಚುಕಟ್ಟಾಗಿ ಮಲಗಿಸುವುದು ಕಷ್ಟ.

ನೀರಿನ ಸಮಸ್ಯೆ ಇದ್ದೇ ಇದೆ. ಆಸ್ಪತ್ರೆಯ ಸೋಂಕಿನ ಬಟ್ಟೆ ತುಂಬಿ, ಚೀಲದ ಸಮೇತ ಯಂತ್ರಕ್ಕೆ ಹಾಕುವ ಕರಗುವ ಚೀಲಗಳನ್ನು ಮಾಡುವುದು ಇದೇ ಪಾಲಿವಿನೈಲ್ ಆಲ್ಕೊಹಾಲ್‌ನಿಂದ. ಕೊಂಡಿ ಹಾಕಿದರೆ ಕರಗುವುದಿಲ್ಲ, ಆದರೂ ತೇವ ಸೇರಿದಂತೆ ಬಿಗಿ ಸಡಿಲುತ್ತದೆ. ಬೆಳಗ್ಗೆ ಐದಕ್ಕೆ ಮಾರುಕಟ್ಟೆಯಲ್ಲಿ ನೀರು ಚಿಮುಕಿಸಿದ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಇಂಥ ಚೀಲಕ್ಕೆ ತುಂಬುವುದನ್ನು ಊಹಿಸಿಕೊಳ್ಳಿ.

ಬೆಂಗಳೂರಿನಲ್ಲೇ ನಡೆದ ಪ್ರಯೋಗ

ಇಷ್ಟು ದೂರ ಹೋಗಬೇಕಾಗಿರಲಿಲ್ಲ. ಕಲಾಸಿಪಾಳ್ಯದಿಂದ ಸ್ವಲ್ಪವೇ ದೂರದ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ, ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ತಂಡ ಇದರ ಹತ್ತಿರದ್ದೇ ಒಂದು ಪ್ರಯೋಗ ಮಾಡಿತ್ತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು, ಲೋಹ ಮತ್ತು ವಸ್ತು ವಿಜ್ಞಾನಿ ಉಪದ್ರಷ್ಟ ರಾಮಮೂರ್ತಿ ಅವರೂ ಸೇರಿ, 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಪಾಲಿಮರ್ ಅದೇ ಪಾಲಿವಿನೈಲ್ ಆಲ್ಕೊಹಾಲ್. ಜೇಡಿಯ ಬದಲು ಇಂಗಾಲದ ಮೂರು ರೂಪ: ಕೆಲವೇ ಪದರಗಳ ಗ್ರಾಫೀನ್ ಹಾಳೆ, ನ್ಯಾನೋ ಕೊಳವೆ, ನ್ಯಾನೋ ವಜ್ರ. ಹಾಳೆ, ನೂಲು, ಕಾಳು ಎನ್ನಿ. ಶೇ 1ಕ್ಕೂ ಕಡಿಮೆ ಪ್ರಮಾಣದಲ್ಲಿ ಎರಡೆರಡನ್ನು ಜೊತೆ ಮಾಡಿ ಬೆರೆಸಿದಾಗ, ಒಂದನ್ನೇ ಬೆರೆಸಿದ್ದಕ್ಕಿಂತ ಪೆಡಸು ಮತ್ತು ಗಡಸು ಶೇ 400ರವರೆಗೆ ಹೆಚ್ಚಿದವು.

ಚಿಪ್ಪಿನ ಗೋಡೆಯನ್ನು ಇಲ್ಲಿ ನಕಲು ಮಾಡಿಲ್ಲ, ಇದು ಕಲಸಿ ಬೆರೆಸಿದ ವಸ್ತು. ಅಷ್ಟು ಕಡಿಮೆ ಪ್ರಮಾಣದಲ್ಲೂ ಇಷ್ಟು ಫಲ ಸಿಕ್ಕಿತು ಎಂಬುದೇ ಸ್ವಾರಸ್ಯ. ಈ ಶೇ 400 ಫಾರ್ವರ್ಡ್‌ಗೆ ಸಿಕ್ಕಿದರೆ ‘ಬೆಂಗಳೂರಿನ ವಿಜ್ಞಾನಿಗಳಿಂದ ಐದು ಪಟ್ಟು ಗಟ್ಟಿ ಪ್ಲಾಸ್ಟಿಕ್’ ಆಗಲು ತಡವಿಲ್ಲ. ಹೋಲಿಕೆ ಯಾವುದರ ಜೊತೆ ಎಂದು ನೋಡಿ: ಒಂದೇ ನ್ಯಾನೋ ಇಂಗಾಲ ಬೆರೆಸಿದ ಮಾದರಿಯ ಜೊತೆ. ಅಳೆದದ್ದು ಹೇಗೆ ಎಂದೂ ನೋಡಿ: ಅತಿ ಸಣ್ಣ ಮೊನೆಯನ್ನು ಮೇಲ್ಮೈಗೆ ಒತ್ತಿ, ಎಷ್ಟು ತಗ್ಗು ಬಿತ್ತು ಎಂಬ ಲೆಕ್ಕದಿಂದ. ಗಡಸು, ಪೆಡಸುಗಳಿಗೆ ಅದು ಸರಿಯಾದ ವಿಧಾನ. ಕವರ್ ಹಿಡಿ ಕಿತ್ತುಬರುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ, ಆ ಪ್ರಬಂಧ ಹಾಗೆ ಹೇಳಿಕೊಂಡೂ ಇಲ್ಲ.

ಶೇ 1ಕ್ಕೇ ಇಷ್ಟಾದರೆ ಶೇ 20 ಹಾಕಿದರೆ? ಮುದ್ದೆ ತಿರುವಿದವರಿಗೆ ಇದಕ್ಕೆ ಉತ್ತರ ಗೊತ್ತು. ಹಿಟ್ಟು ಹೆಚ್ಚಾಗಿ, ತಿರುವುದು ಕಡಿಮೆಯಾದರೆ ಗಂಟು ಕಟ್ಟುತ್ತದೆ. ನ್ಯಾನೋಹಾಳೆಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಚಟ ಇನ್ನೂ ಜಾಸ್ತಿ. ಗಂಟು ಕಟ್ಟಿದ ಕಡೆ ಹಾಳೆಯ ಮೈಗೆ ಪಾಲಿಮರ್ ತಾಗುವುದೇ ಇಲ್ಲ, ಬಿರುಕು ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ‘ನ್ಯಾನೋ ಪುಡಿ ಹಾಕಿದೆ’ ಎಂಬ ಮಾತಿಗೆ ತನ್ನಷ್ಟಕ್ಕೆ ಬೆಲೆ ಇಲ್ಲ. ಎಷ್ಟು ಬಿಡಿಬಿಡಿಯಾಗಿ ಹರಡಿದೆ, ಯಾವ ದಿಕ್ಕಿನಲ್ಲಿ ಮಲಗಿದೆ, ಪಾಲಿಮರ್ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದು ಗೊತ್ತಾಗದೆ ಏನೂ ಹೇಳಲಾಗದು. ಅಂಗಡಿಯಲ್ಲಿ ನಿಂತು ಇದನ್ನು ಕಣ್ಣಿನಿಂದ ಪತ್ತೆ ಮಾಡುವ ಉಪಾಯವೂ ಇಲ್ಲ.

ಹಾಗಾದರೆ ಇದು ಎಲ್ಲೂ ಬಳಕೆಯಲ್ಲಿಲ್ಲವೇ? ಇದೆ, ನಾವು ಹುಡುಕದ ಜಾಗದಲ್ಲಿ. ಜಪಾನಿನ ಟೊಯೋಟಾ ಸಂಶೋಧಕರು ನೈಲಾನಿಗೆ ಶೇ 5ರಷ್ಟೂ ಇಲ್ಲದ ಜೇಡಿಯ ನ್ಯಾನೋಹಾಳೆ ಬೆರೆಸಿ, 1990ರ ದಶಕದ ಆರಂಭದಲ್ಲೇ ಕಾರಿನ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಮುಚ್ಚಳಕ್ಕೆ ಬಳಸಿದರು. ಬಿಸಿಗೆ ಬೇಗ ಮೆತ್ತಗಾಗದಿರುವುದು ಅದರ ಲಾಭ. ಇನ್ನೊಂದು ಉಪಯೋಗ ಪ್ಯಾಕಿಂಗ್‌ನಲ್ಲಿ. ಚಪ್ಪಟೆ ಹಾಳೆಗಳು ಅಡ್ಡಡ್ಡ ಮಲಗಿದ್ದರೆ ಆಮ್ಲಜನಕದಂಥ ಅನಿಲ ಸುತ್ತಿಬಳಸಿ ಹೋಗಬೇಕಾಗುತ್ತದೆ, ಥೇಟ್ ಚಿಪ್ಪಿನಲ್ಲಿ ಬಿರುಕು ಅಲೆದ ಹಾಗೆ. ಒಳಗಿನ ತಿಂಡಿ ಹೆಚ್ಚು ದಿನ ಗರಿಗರಿಯಾಗಿರುತ್ತದೆ. ಜೋಡಣೆಯ ಮಹಿಮೆಗೆ ನ್ಯಾನೋವೇ ಬೇಕೆಂದಿಲ್ಲ. ಕಲಾಸಿಪಾಳ್ಯದ ಲಾರಿಗಳ ಮೇಲೆ ಹೊದೆಸಿರುವ ಪ್ಲಾಸ್ಟಿಕ್ ಟಾರ್ಪಾಲಿನ್ ನೋಡಿ. ಪಾಲಿಥಿನ್ನನ್ನೇ ಪಟ್ಟಿ ಮಾಡಿ, ನೇಯ್ದು, ಎರಡೂ ಕಡೆ ಮತ್ತೆ ಪಾಲಿಥಿನ್ ಪದರ ಕೂಡಿಸಿದ್ದು. ವಸ್ತು ಕವರ್‌ನದೇ, ಕಸುಬು ಬೇರೆ.

ನ್ಯಾನೋ ಎಂದರೆ ವಿಷ ಎಂಬ ಫಾರ್ವರ್ಡ್‌ಗಳೂ ಇವೆ. ಪಾಲಿಮರಿನೊಳಗೆ ಕೂತ ಹಾಳೆ ಬೇರೆ, ಗಾಳಿಯಲ್ಲಿ ಹಾರುವ ಒಣ ಪುಡಿ ಬೇರೆ. ಪುಡಿಯನ್ನು ಉಸಿರಾಡುವ ಅಪಾಯ ಅದನ್ನು ಕಲಸುವ ಕಾರ್ಮಿಕರಿಗೆ, ಮುಖಗವಸು ಬೇಕಾದದ್ದು ಅವರಿಗೆ.

ಗಟ್ಟಿಯಾಗಿದ್ದರೆ ಕಾನೂನಿಗೆ ಸರಿಹೋಗುತ್ತದೆಯೇ?

ಇಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆ ಮುಂತಾದವನ್ನು ನಿಷೇಧಿಸಿದೆ, ದಪ್ಪ ಎಷ್ಟೇ ಇದ್ದರೂ. ಹಾಲಿನ ಪ್ಯಾಕೆಟ್ಟಿಗೆ, ಕಾರ್ಖಾನೆಯಲ್ಲೇ ತುಂಬಿ ಮುಚ್ಚುವ ಪ್ಯಾಕಿಂಗ್‌ಗೆ ವಿನಾಯಿತಿ ಇದೆ. ಕೇಂದ್ರದ ನಿಯಮ ದಪ್ಪವನ್ನು ನೋಡುತ್ತದೆ: ಕೈಚೀಲ 2021ರ ಸೆಪ್ಟೆಂಬರ್ 30ರಿಂದ ಕನಿಷ್ಠ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ ಕನಿಷ್ಠ 120 ಮೈಕ್ರಾನ್ ಇರಬೇಕು. ಎರಡರಲ್ಲೂ ಬಲದ ಮಾತೇ ಇಲ್ಲ. ತೆಳು ಕವರ್ ಒಮ್ಮೆ ಬಳಸಿ ಎಸೆಯುವಂಥದ್ದು, ಗಾಳಿಗೆ ಹಾರಿ ಮೋರಿಗೆ ಬೀಳುತ್ತದೆ, ಹೆಕ್ಕಿದವರಿಗೆ ತೂಕ ಸಿಗುವುದಿಲ್ಲ. ಹಾಗಾಗಿ ನಿಯಮ ಹಿಡಿದುಕೊಂಡದ್ದು ದಪ್ಪವನ್ನು. ನಾಳೆ ನಿಜವಾದ ಚಿಪ್ಪಿನಂಥ ಹಾಳೆಯ 10 ಮೈಕ್ರಾನ್ ಚೀಲ ಬಂದು 20 ಕಿಲೋ ಹೊತ್ತರೂ, ಈಗಿನ ನಿಯಮದಲ್ಲಿ ಪಾಲಿಕೆಯವರು ಅದನ್ನು ವಶಪಡಿಸಿಕೊಳ್ಳಬಹುದು. ತಳ್ಳುಗಾಡಿಯವರು ಮಾರಿದವನ ಮಾತು ನಂಬಿ ತಂದಿದ್ದರೂ ದಂಡ ಬೀಳುವುದು ಅವರಿಗೇ.

ಕೇಂದ್ರದ ದಪ್ಪದ ನಿಯಮದಿಂದ ಹೊರಗಿರುವುದು ಗೊಬ್ಬರವಾಗುವ ಚೀಲ, ಅಂದರೆ ಕಾಂಪೋಸ್ಟೆಬಲ್ ಚೀಲ. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು, ಪ್ರಮಾಣಪತ್ರದ ಸಂಖ್ಯೆ ಚೀಲದ ಮೇಲೆಯೇ ಅಚ್ಚಾಗಿರಬೇಕು. ‘ನ್ಯಾನೋ’, ‘ಇಕೋ’, ಹಸಿರು ಎಲೆಯ ಚಿತ್ರ ಇವ್ಯಾವುವೂ ಆ ಸಂಖ್ಯೆಯ ಬದಲಿಗೆ ನಡೆಯುವುದಿಲ್ಲ. ಸಗಟು ಅಂಗಡಿಯಲ್ಲಿ ಕಟ್ಟು ಕೊಳ್ಳುವ ಮೊದಲು ಒಂದು ಚೀಲ ಹೊರಗೆಳೆದು, ತಯಾರಕರ ಹೆಸರು ಮತ್ತು ಆ ಸಂಖ್ಯೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿಕೊಳ್ಳಿ.